ಗಾಲಿಸಿದ ನೀರು: ಒಂದು ಮೂಲಗುಣದ ಚರಿತ್ರೆ ಮತ್ತು ನಾರುಹುಣ್ಣು

ಪಂಡಿತ ಆಶಾಧರನು ತನ್ನ ‘ಸಾಗಾರಧರ್ಮಾಮೃತ’ದ ಮೂರನೆಯ ಅಧ್ಯಾಯದಲ್ಲಿ ನೀರು ಸೋಸುವ ವ್ರತಕ್ಕೆ ತಗಲುವ ದೋಷಗಳನ್ನು ಒಂದೇ ಶ್ಲೋಕದಲ್ಲಿ ಹೇಳಿ ಮುಗಿಸುತ್ತಾನೆ. ಒಮ್ಮೆ ಸೋಸಿದ ನೀರನ್ನು ಎರಡು ಮುಹೂರ್ತ ಕಳೆದ ಮೇಲೆ ಮತ್ತೆ ಸೋಸದಿರುವುದು ಒಂದು. ಯೋಗ್ಯವಲ್ಲದ ಬಟ್ಟೆಯಲ್ಲಿ ಸೋಸುವುದು ಇನ್ನೊಂದು. ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದುದನ್ನು ನೀರು ಬಂದ ಜಲಾಶಯಕ್ಕೇ ಬಿಡದೆ ಬೇರೆಲ್ಲೋ ಹಾಕುವುದು ಮತ್ತೊಂದು. ಶ್ರಾವಕಾಚಾರ ಗ್ರಂಥಗಳನ್ನು ಕೇವಲ ವಿಧಿನಿಷೇಧಗಳ ಪಟ್ಟಿಯೆಂದು ಪಕ್ಕಕ್ಕಿಡುವ ವಿದ್ಯಾರ್ಥಿಗಳು ಈ ಮೂರು ದೋಷಗಳನ್ನು ತುಸು ನಿಧಾನವಾಗಿ ಓದಬೇಕು. ಇವುಗಳಲ್ಲಿ ಮೊದಲೆರಡು ನೀರು ಕುಡಿಯುವವನಿಗೆ ಸಂಬಂಧಿಸಿದವೆಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ಆದರೆ ಮೂರನೆಯದರಲ್ಲಿ ಕುಡಿಯುವವನ ಹಿತದ ಮಾತೇ ಇಲ್ಲ. ಬಟ್ಟೆಯ ಮೇಲೆ ಉಳಿದ ಜೀವಿಗಳಿಗೆ ಏನಾಗಬೇಕೆಂಬುದೇ ಅಲ್ಲಿನ ಚಿಂತೆ. ಆ ಮೂರನೆಯದರಿಂದ ಹಿಂದಕ್ಕೆ ಓದಿದಾಗ ಮಾತ್ರ ಮೊದಲೆರಡರ ಅರ್ಥವೂ ಸರಿಯಾಗಿ ಹೊಳೆಯುತ್ತದೆ.

ಗೃಹಸ್ಥನ ಎಂಟು ಮೂಲಗುಣಗಳ ಪಟ್ಟಿ ಎಲ್ಲ ಆಚಾರ್ಯರಲ್ಲೂ ಒಂದೇ ತೆರನಾಗಿಲ್ಲ. ಸಮಂತಭದ್ರನ ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಮದ್ಯ, ಮಾಂಸ, ಮಧುಗಳ ತ್ಯಾಗ ಮತ್ತು ಐದು ಅಣುವ್ರತಗಳು ಕೂಡಿ ಎಂಟಾಗುತ್ತವೆ. ಅಲ್ಲಿ ನೀರು ಸೋಸುವುದು ಮೂಲಗುಣವಾಗಿ ಎಣಿಕೆಗೆ ಬಂದಿಲ್ಲ. ಮುಂದೆ ಅಣುವ್ರತಗಳ ಸ್ಥಾನದಲ್ಲಿ ಐದು ಬಗೆಯ ಹಾಲುಮರಗಳ ಹಣ್ಣುಗಳ ತ್ಯಾಗ ಬಂದಿತು. ಆಶಾಧರನು ಈ ಪಟ್ಟಿಗಳನ್ನೆಲ್ಲ ಬಲ್ಲವನು. ‘ಕೆಲವೆಡೆ ಹೀಗೂ ಉಂಟು’ ಎಂದು ಎಚ್ಚರಿಕೆಯಿಂದ ಹೇಳಿ ಇನ್ನೊಂದು ಎಣಿಕೆಯನ್ನು ಕೊಡುತ್ತಾನೆ. ಮದ್ಯ, ಮಾಂಸ, ಮಧು, ರಾತ್ರಿಭೋಜನ, ಪಂಚಫಲ ಇವುಗಳ ತ್ಯಾಗ, ಪಂಚಪರಮೇಷ್ಠಿಗಳ ವಂದನೆ, ಜೀವದಯೆ, ಜಲಗಾಲನ. ವ್ರತಗಳ ಎತ್ತರದಿಂದ ಅಡುಗೆಮನೆಯ ಬಾಗಿಲಿಗೆ ಮೂಲಗುಣಗಳು ಇಳಿದು ಬಂದ ಈ ಚಲನೆಯನ್ನು ಧರ್ಮದ ಸರಳೀಕರಣವೆಂದು ಕೆಲವರು ಟೀಕಿಸಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಅಪರಿಗ್ರಹವನ್ನು ಅಳೆಯುವುದು ಕಷ್ಟ. ಬಟ್ಟೆಯನ್ನು ಕೊಡದ ಬಾಯಿಗೆ ಕಟ್ಟಿದ್ದಾರೋ ಇಲ್ಲವೋ ಎಂಬುದು ಕಣ್ಣಿಗೆ ಕಾಣುತ್ತದೆ. ದಿನಕ್ಕೆ ಹಲವು ಬಾರಿ ಮಾಡಲೇಬೇಕಾದ ಕೆಲಸವೊಂದರಲ್ಲಿ ಅಹಿಂಸೆಯನ್ನು ಇರಿಸಿದ ಈ ಕ್ರಮದಲ್ಲಿ ಸಮಾಜವನ್ನು ಬಲ್ಲವರ ವಿವೇಕವಿದೆ.

ಬಟ್ಟೆಯ ಅಳತೆಯನ್ನೂ ಪರಂಪರೆ ನಿಗದಿಗೊಳಿಸಿತು: 36 ಅಂಗುಲ ಉದ್ದ, 24 ಅಂಗುಲ ಅಗಲ, ಅದನ್ನು ಎರಡು ಮಡಿಕೆ ಮಾಡಬೇಕು. ಕಾಲದ ಅವಧಿ ಆಶಾಧರನಲ್ಲಿ ಎರಡು ಮುಹೂರ್ತವಾದರೆ ರೂಢಿಯಲ್ಲಿ ಒಂದು ಮುಹೂರ್ತ, ಎಂದರೆ 48 ನಿಮಿಷ. ತಳದಲ್ಲಿಯೂ ಒಂದು ಕೊಂಡಿಯಿರುವ ಕೊಡವನ್ನು ಬಾವಿಗೆ ಇಳಿಬಿಟ್ಟು, ನೀರಿನ ಮಟ್ಟ ಮುಟ್ಟಿದ ಮೇಲೆ ತಲೆಕೆಳಗಾಗಿಸಿ, ಬಟ್ಟೆ ತೊಳೆದ ನೀರನ್ನು ಮೆಲ್ಲನೆ ಬಿಡುವ ಪದ್ಧತಿಯೂ ಬೆಳೆಯಿತು. ಮೇಲಿನಿಂದ ಸುರಿದರೆ ಪೆಟ್ಟಿಗೆ ಜೀವಿಗಳು ಸತ್ತಾವು ಎಂಬ ಕಾಳಜಿ ಅದರ ಹಿಂದಿನದು. ಇದಕ್ಕೆ ಆಧಾರವಾದ ತತ್ತ್ವ ಸ್ಪಷ್ಟ. ನೀರೇ ಶರೀರವಾಗಿರುವ ಅಪ್ಕಾಯಿಕ ಜೀವಗಳು ಸ್ಥಾವರಗಳು. ಅವುಗಳ ಹಿಂಸೆಯನ್ನು ಗೃಹಸ್ಥನು ಪೂರ್ಣವಾಗಿ ತಪ್ಪಿಸಲಾರ. ಆದರೆ ನೀರಿನಲ್ಲಿ ಓಡಾಡುವ, ಎರಡು ಮತ್ತು ಅದಕ್ಕೂ ಹೆಚ್ಚಿನ ಇಂದ್ರಿಯಗಳುಳ್ಳ ತ್ರಸಜೀವಗಳನ್ನು ಅವನು ಉಳಿಸಬಲ್ಲ. ಬಟ್ಟೆ ಇರುವುದು ತ್ರಸಜೀವಗಳಿಗಾಗಿ.

ಇಷ್ಟರಲ್ಲಿ ಎಲ್ಲಿಯೂ ರೋಗದ ಮಾತು ಬರಲಿಲ್ಲ. ಆಶಾಧರನಿಗೆ ವೈದ್ಯ ತಿಳಿಯದಿದ್ದರಿಂದ ಹೀಗಾಯಿತೆಂದು ಹೇಳುವಂತಿಲ್ಲ. ತನ್ನ ಕೃತಿಗಳನ್ನು ಪಟ್ಟಿ ಮಾಡುವ ಪ್ರಶಸ್ತಿಭಾಗದಲ್ಲಿ ಆತ ವಾಗ್ಭಟನ ‘ಅಷ್ಟಾಂಗಹೃದಯ’ಕ್ಕೆ ತಾನು ಬರೆದ ವ್ಯಾಖ್ಯಾನವನ್ನೂ ಹೆಸರಿಸುತ್ತಾನೆ. ಆ ವ್ಯಾಖ್ಯಾನ ಇಂದು ಲಭ್ಯವಿಲ್ಲ. ಆದರೆ ‘ಅಷ್ಟಾಂಗಹೃದಯ’ದ ಸೂತ್ರಸ್ಥಾನದಲ್ಲಿ ಎರಡನೆಯ ಅಧ್ಯಾಯ ದಿನಚರ್ಯೆ, ಮೂರನೆಯದು ಋತುಚರ್ಯೆ, ನಾಲ್ಕನೆಯದು ‘ರೋಗಾನುತ್ಪಾದನೀಯ’, ಅಂದರೆ ರೋಗ ಹುಟ್ಟದಂತೆ ನೋಡಿಕೊಳ್ಳುವ ಬಗೆ. ಸುಶ್ರುತನ ಚಿಕಿತ್ಸಾಸ್ಥಾನದಲ್ಲಿಯೂ ಇನ್ನೂ ಬಾರದ ಬಾಧೆಗಳ ತಡೆಗೆಂದೇ ಮೀಸಲಾದ ‘ಅನಾಗತಾಬಾಧಪ್ರತಿಷೇಧ’ ಎಂಬ ಅಧ್ಯಾಯವಿದೆ. ನಿತ್ಯದ ನಡವಳಿಕೆಯಿಂದ ರೋಗವನ್ನು ದೂರವಿಡಬಹುದೆಂಬ ವಿಚಾರ ಆಶಾಧರನ ಕೈಗೆಟುಕಿದ ಪುಸ್ತಕದಲ್ಲಿ ಅಧ್ಯಾಯದ ಹೆಸರಾಗಿಯೇ ಇತ್ತು. ಶ್ರಾವಕಾಚಾರದಲ್ಲಿ ಬೇರೆಡೆ ಇಂಥ ವಾದ ಬಂದೂ ಇದೆ. ರಾತ್ರಿಭೋಜನದ ಪ್ರಸಂಗದಲ್ಲಿ ಹೇಮಚಂದ್ರನ ‘ಯೋಗಶಾಸ್ತ್ರ’ವು ಅನ್ನದೊಡನೆ ಹೇನು ಒಳಹೋದರೆ ಜಲೋದರ, ನೊಣದಿಂದ ವಾಂತಿ, ಜೇಡದಿಂದ ಕುಷ್ಠ ಎಂದು ಎಚ್ಚರಿಸುತ್ತದೆ. ಆಶಾಧರನೂ ಅದೇ ಪ್ರಸಂಗದಲ್ಲಿ ಜಲೋದರವನ್ನು ನೆನೆಯುತ್ತಾನೆ. ಬೇಕಾದಲ್ಲಿ ರೋಗಭಯವನ್ನು ಬಳಸಿಕೊಳ್ಳಲು ಹಿಂಜರಿಯದ ಈ ಲೇಖಕ ಜಲಗಾಲನದ ದೋಷಗಳನ್ನು ಹೇಳುವಾಗ ಅದನ್ನು ಬಳಸುವುದಿಲ್ಲ. ಜೀವದಯೆಯೊಂದೇ ಅಲ್ಲಿ ಸಾಕೆನಿಸಿದೆ.

ಬಟ್ಟೆಯಲ್ಲಿ ಸೋಸುವುದು ಜೈನರ ಸ್ವತ್ತೇನೂ ಅಲ್ಲ. ಸುಶ್ರುತನು ಕದಡಿದ ನೀರನ್ನು ತಿಳಿಗೊಳಿಸುವ ಏಳು ವಸ್ತುಗಳಲ್ಲಿ ಚಿಲ್ಲದ ಬೀಜ, ತಾವರೆಯ ಗೆಡ್ಡೆ, ಮುತ್ತು ಮೊದಲಾದವುಗಳ ಜೊತೆ ಬಟ್ಟೆಯನ್ನೂ ಎಣಿಸಿದ್ದಾನೆ. ಅಲ್ಲಿ ಉದ್ದೇಶ ನೀರಿನ ನಿರ್ಮಲತೆ. ಮನುಸ್ಮೃತಿಯು ಸಂನ್ಯಾಸಿಗೆ ಬಟ್ಟೆಯಿಂದ ಶುದ್ಧವಾದ ನೀರನ್ನು ವಿಧಿಸುತ್ತದೆ. ಬೌದ್ಧ ಭಿಕ್ಷುವಿನ ಎಂಟು ಪರಿಕರಗಳಲ್ಲಿ ನೀರಿನ ಸೋಸಣಿಗೆಯೂ ಒಂದು. ವಿನಯಪಿಟಕದ ಚುಲ್ಲವಗ್ಗದಲ್ಲಿ, ಕೋಸಲದ ದಾರಿಯಲ್ಲಿ ನಡೆದಿದ್ದ ಇಬ್ಬರು ಭಿಕ್ಷುಗಳಲ್ಲಿ ಒಬ್ಬನು ತನ್ನ ಸೋಸಣಿಗೆಯನ್ನು ಕೊಡಲೊಪ್ಪದೆ ಇನ್ನೊಬ್ಬನು ಬಾಯಾರಿ ಸತ್ತ ಕಥೆಯಿದೆ. ಸೋಸಣಿಗೆ ಇಲ್ಲದವನು ಚೀವರದ ಸೆರಗನ್ನಾದರೂ ಬಳಸಬಹುದೆಂಬ ಅನುಮತಿ ಅದರಿಂದ ಹುಟ್ಟಿತು. 7ನೆಯ ಶತಮಾನದ ಚೀನೀ ಯಾತ್ರಿಕ ಇತ್ಸಿಂಗನು ಭಾರತದ ವಿಹಾರಗಳಲ್ಲಿ ನೀರನ್ನು ಪರೀಕ್ಷಿಸಿ ಸೋಸುವ ಕ್ರಮವನ್ನು ಬಹಳ ಆಸಕ್ತಿಯಿಂದ ವರ್ಣಿಸಿದ್ದಾನೆ. ಆದರೆ ಈ ವಿಧಿಗಳು ಸಂನ್ಯಾಸಿಯವು, ಭಿಕ್ಷುವಿನವು. ಜೈನ ಪದ್ಧತಿಯ ವೈಶಿಷ್ಟ್ಯವೆಂದರೆ ಭಾರವೆಲ್ಲ ಗೃಹಸ್ಥನ ಮೇಲೆ ಬಿದ್ದದ್ದು. ಮುನಿಯು ಪ್ರಾಸುಕ ಜಲವನ್ನು ಶ್ರಾವಕನ ಮನೆಯಲ್ಲಿಯೇ ಸ್ವೀಕರಿಸಬೇಕಾದ್ದರಿಂದ ನೀರಿನ ಶುದ್ಧಿ ಮನೆಮನೆಯ ಕೆಲಸವಾಯಿತು. ಗ್ರಂಥಗಳು ‘ಶ್ರಾವಕ’ ಎಂದು ಬರೆದರೂ ಬಾವಿಕಟ್ಟೆಯಲ್ಲಿ ಬಟ್ಟೆ ಹಿಡಿದವಳು ಶ್ರಾವಿಕೆ.

ಈಗ ರೋಗದ ಕಡೆಗೆ ಬರೋಣ. ಆಶಾಧರನು ಹುಟ್ಟಿದ್ದು ಇಂದಿನ ರಾಜಸ್ಥಾನದ ಮಂಡಲಗಢದಲ್ಲಿ. ತುರುಷ್ಕರ ದಾಳಿಯ ಕಾಲದಲ್ಲಿ ಮಾಳವಕ್ಕೆ ವಲಸೆ ಬಂದು ಧಾರಾನಗರದಲ್ಲಿ ಓದಿ, ನಳಕಚ್ಛಪುರದಲ್ಲಿ ನೆಲೆಸಿ, ವಿಕ್ರಮ ಸಂವತ್ 1296ರಲ್ಲಿ, ಎಂದರೆ ಕ್ರಿ.ಶ. 1239ರ ಸುಮಾರಿಗೆ, ‘ಸಾಗಾರಧರ್ಮಾಮೃತ’ದ ಸ್ವೋಪಜ್ಞ ಟೀಕೆಯನ್ನು ಮುಗಿಸಿದನು. ಆ ಎರಡು ಸೀಮೆಗಳೂ ಸೇರಿದಂತೆ ಗುಜರಾತ್, ಮಹಾರಾಷ್ಟ್ರ, ಆಂಧ್ರ ಮತ್ತು ನಮ್ಮ ಕರ್ನಾಟಕಗಳಲ್ಲಿ 20ನೆಯ ಶತಮಾನದ ಕೊನೆಯವರೆಗೂ ಒಂದು ವಿಚಿತ್ರ ವ್ಯಾಧಿ ಬೀಡುಬಿಟ್ಟಿತ್ತು. ಕನ್ನಡದಲ್ಲಿ ಅದು ನಾರುಹುಣ್ಣು, ಮರಾಠಿ ಮತ್ತು ರಾಜಸ್ಥಾನಿಗಳಲ್ಲಿ ನಾರು, ನಂತರದ ಆಯುರ್ವೇದ ಗ್ರಂಥಗಳಲ್ಲಿ ಸ್ನಾಯುಕ. ಅರಬ್ಬೀ ವೈದ್ಯರು ಮದೀನಾದ ನರವೆಂದು ಕರೆದದ್ದರಿಂದ ಆಧುನಿಕ ಜೀವಶಾಸ್ತ್ರದಲ್ಲಿಯೂ ಅದರ ಹೆಸರು ಡ್ರಾಕಂಕ್ಯುಲಸ್ ಮೆಡಿನೆನ್ಸಿಸ್. ಹೆಸರುಗಳೆಲ್ಲ ನಾರು, ನರ, ಸ್ನಾಯು ಎಂದೇ ಹೇಳುತ್ತವೆ. ಏಕೆಂದರೆ ರೋಗಿಯ ಕಾಲಿನಲ್ಲಿ ಬೊಕ್ಕೆಯೆದ್ದು ಒಡೆದು, ಅದರಿಂದ ಬಿಳಿಯ ದಾರದಂತಹ ಹುಳುವೊಂದು ಹೊರಗೆ ಇಣುಕುತ್ತದೆ. ಉದ್ದ ಸುಮಾರು ಒಂದು ಮೀಟರ್ ಆದೀತು. ಎಳೆದರೆ ಒಳಗೇ ತುಂಡಾಗಿ ಹುಣ್ಣು ಕೀವುಗಟ್ಟುತ್ತದೆ. ಆದ್ದರಿಂದ ಸಣ್ಣ ಕಡ್ಡಿಗೆ ಸುತ್ತಿ ದಿನಕ್ಕೆ ಕೆಲವು ಸೆಂಟಿಮೀಟರಿನಂತೆ, ವಾರಗಟ್ಟಲೆ, ಹೊರತೆಗೆಯಬೇಕು. ಪ್ರಾಚೀನರು ಮಾಡುತ್ತಿದ್ದುದು ಇದನ್ನೇ; ಇಂದಿನ ವೈದ್ಯರು ಮಾಡುವುದೂ ಇದನ್ನೇ. ಹುಳುವನ್ನು ಕೊಲ್ಲುವ ಔಷಧವಾಗಲಿ ತಡೆಯುವ ಲಸಿಕೆಯಾಗಲಿ ಇಂದಿಗೂ ಇಲ್ಲ. ಒಮ್ಮೆ ಬಂದು ಹೋದರೆ ಮತ್ತೆ ಬಾರದೆಂಬ ಭರವಸೆಯೂ ಇಲ್ಲ. ಸಾವು ವಿರಳ, ಆದರೆ ಬೇಸಾಯದ ದಿನಗಳಲ್ಲೇ ಹಾಸಿಗೆ ಹಿಡಿಸುತ್ತಿದ್ದುದರಿಂದ ಮನೆಯ ಕಣಜವೇ ಬರಿದಾಗುತ್ತಿತ್ತು.

ಹುಳು ಮೈಸೇರುವ ದಾರಿ 1870ರ ಸುಮಾರಿಗೆ ತಿಳಿದುಬಂತು. ರಷ್ಯಾದ ಅಲೆಕ್ಸಿ ಫೆಡ್ಚೆಂಕೊ ತುರ್ಕಿಸ್ತಾನದಲ್ಲಿ ಸಂಶೋಧನೆ ನಡೆಸುತ್ತಿದ್ದಾಗ, ಹುಳುವಿನ ಮರಿಗಳು ಸೈಕ್ಲಾಪ್ಸ್ ಎಂಬ ಜಲಜಂತುವಿನ ಒಳಸೇರುವುದನ್ನು ಕಂಡನು. ಕಾಲಿನ ಬೊಕ್ಕೆ ಬೆಂಕಿಯಂತೆ ಉರಿಯುತ್ತದೆ. ರೋಗಿ ಉರಿ ತಾಳಲಾರದೆ ಕಾಲನ್ನು ನೀರಿನಲ್ಲಿ ಅದ್ದುತ್ತಾನೆ. ಆ ಕ್ಷಣಕ್ಕಾಗಿಯೇ ಕಾದಿದ್ದ ಹೆಣ್ಣುಹುಳು ಲಕ್ಷಗಟ್ಟಲೆ ಮರಿಗಳನ್ನು ನೀರಿಗೆ ಬಿಡುತ್ತದೆ. ಸೈಕ್ಲಾಪ್ಸ್ ಆ ಮರಿಗಳನ್ನು ನುಂಗುತ್ತದೆ. ಸುಮಾರು ಎರಡು ವಾರಗಳಲ್ಲಿ ಮರಿ ಸೋಂಕು ತಗಲಿಸುವ ಹಂತಕ್ಕೆ ಬೆಳೆಯುತ್ತದೆ. ಆ ನೀರನ್ನು ಸೋಸದೆ ಕುಡಿದವನ ಜಠರದಲ್ಲಿ ಸೈಕ್ಲಾಪ್ಸ್ ಜೀರ್ಣವಾಗುತ್ತದೆ, ಮರಿ ಬಿಡುಗಡೆಗೊಳ್ಳುತ್ತದೆ, ಒಂದು ವರ್ಷ ಕಳೆದ ಮೇಲೆ ಕಾಲಿನಲ್ಲಿ ಬೊಕ್ಕೆಯೇಳುತ್ತದೆ. ಕಾರಣಕ್ಕೂ ಕಾರ್ಯಕ್ಕೂ ನಡುವೆ ಒಂದು ವರ್ಷ ಅಂತರವಿದ್ದ ಮೇಲೆ ಕುಡಿದ ನೀರಿಗೂ ಕಾಲಿನ ಹುಣ್ಣಿಗೂ ನಂಟು ಯಾರಿಗೆ ಹೊಳೆದೀತು? ಮಿಲಿಮೀಟರಿನಷ್ಟು ಗಾತ್ರದ ಸೈಕ್ಲಾಪ್ಸ್ ಸೂಕ್ಷ್ಮದೃಷ್ಟಿಯವರ ಬರಿಗಣ್ಣಿಗೆ ನೀರಿನಲ್ಲಿ ಚುಕ್ಕೆಯಂತೆ ಕಂಡೀತು. ಗ್ರೀಕ್ ಪುರಾಣದ ಒಕ್ಕಣ್ಣ ದೈತ್ಯನ ಹೆಸರನ್ನು ಅದಕ್ಕಿಟ್ಟಿದ್ದಾರೆ. ಕಣ್ಣುಳ್ಳದ್ದಾದ್ದರಿಂದ ಜೈನ ಗಣನೆಯಲ್ಲಿ ಚತುರಿಂದ್ರಿಯಕ್ಕೆ ಸೇರೀತೇನೋ, ತ್ರಸಜೀವವೆಂಬುದರಲ್ಲಂತೂ ಸಂಶಯವಿಲ್ಲ. ಎರಡು ಮಡಿಕೆಯ ದಟ್ಟನೆಯ ಬಟ್ಟೆಯನ್ನು ಅದು ದಾಟಲಾರದು.

ಹಾಗೆಂದ ಮೇಲೆ ನಿಷ್ಠೆಯಿಂದ ಜಲಗಾಲನ ಮಾಡಿದ ಮನೆಗೆ ನಾರುಹುಣ್ಣಿನ ದಾರಿ ಮುಚ್ಚಿತ್ತು. ಮನೆಯವರಿಗೆ ಇದು ತಿಳಿದಿರಬೇಕಾದ ಅಗತ್ಯವಿರಲಿಲ್ಲ.

ಕರ್ನಾಟಕದ ಓದುಗರು ಇಲ್ಲಿ ಮೆಟ್ಟಿಲುಬಾವಿಗಳನ್ನು ನೆನೆಯಬೇಕು. ಕೆರೆ ಬಾವಿಗಳನ್ನು ತೋಡಿಸುವುದು ನಮ್ಮ ಶಾಸನಗಳು ಬಣ್ಣಿಸುವ ಪುಣ್ಯಕಾರ್ಯ. 1025ರ ಸುಮಾರಿನ ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ನೆಲದೊಳಗಿನ ನೀರನ್ನು ಗುರುತಿಸುವ ಉದಕಾರ್ಗಳಕ್ಕೆಂದೇ ಒಂದು ಅಧ್ಯಾಯ ಮೀಸಲು. ದಾನಚಿಂತಾಮಣಿ ಅತ್ತಿಮಬ್ಬೆ ಬ್ರಹ್ಮಜಿನಾಲಯವನ್ನು ಕಟ್ಟಿಸಿದ ಲಕ್ಕುಂಡಿಯಲ್ಲಿ ಇಂದಿಗೂ ಮುಸುಕಿನ ಬಾವಿಯಂತಹ ಅಪೂರ್ವ ರಚನೆಗಳನ್ನು ನೋಡಬಹುದು. ಬರಗಾಲದ ಸೀಮೆಯಲ್ಲಿ ಬಡವನೂ ಹಗ್ಗ ಕೊಡಗಳ ಹಂಗಿಲ್ಲದೆ ನೀರಿನ ತನಕ ಇಳಿಯುವಂತೆ ಮಾಡುವುದು ಮೆಟ್ಟಿಲುಬಾವಿಯ ಔದಾರ್ಯ. ನಾರುಹುಣ್ಣಿನ ಹುಳುವಿಗೂ ಬೇಕಾದದ್ದು ಅದೇ, ಕಾಲು ನೀರಿಗೆ ತಾಗುವ ಅವಕಾಶ. ಸೇದುವ ಬಾವಿಯಲ್ಲಿ ಈ ಚಕ್ರ ಸಾಗುವುದಿಲ್ಲ. ಕಟ್ಟಿಸಿದವರ ಪುಣ್ಯಕ್ಕೆ ಇದರಿಂದ ಕುಂದಿಲ್ಲ. ಆದರೆ ನೀರಿನ ದಾನ ಮತ್ತು ನೀರಿನ ಶೋಧನ ಇವೆರಡೂ ಬೇರೆ ಬೇರೆ ಕರ್ತವ್ಯಗಳೆಂದು ಶ್ರಾವಕಾಚಾರಗಳು ತಿಳಿದದ್ದು ಎಷ್ಟು ಸಾರ್ಥಕವೆಂಬುದು ಇಂತಹ ಕಡೆ ಮನದಟ್ಟಾಗುತ್ತದೆ.

ಭಾರತ ಸರಕಾರದ ನಾರುಹುಣ್ಣು ನಿರ್ಮೂಲನ ಕಾರ್ಯಕ್ರಮ 1983–84ರಲ್ಲಿ ಆರಂಭವಾಯಿತು. ದೆಹಲಿಯ ರಾಷ್ಟ್ರೀಯ ಸಾಂಕ್ರಾಮಿಕ ರೋಗಗಳ ಸಂಸ್ಥೆ ಅದರ ಕೇಂದ್ರ. ಆಗ ದೇಶದಲ್ಲಿ ಸುಮಾರು 40,000 ರೋಗಿಗಳಿದ್ದರು. ಔಷಧವಿಲ್ಲದ, ಲಸಿಕೆಯಿಲ್ಲದ ರೋಗದ ಮೇಲಿನ ಆ ಯುದ್ಧದಲ್ಲಿ ಆಯುಧಗಳು ಏನಿದ್ದವು? ಹಳ್ಳಿಹಳ್ಳಿ ಸುತ್ತಿ ರೋಗಿಗಳನ್ನು ಹುಡುಕುವುದು, ಹುಣ್ಣಾದ ಕಾಲನ್ನು ನೀರಿಗೆ ಇಳಿಸದಂತೆ ತಿಳಿಹೇಳುವುದು, ಮೆಟ್ಟಿಲುಬಾವಿಗಳನ್ನು ಸೇದುವ ಬಾವಿಗಳಾಗಿ ಮಾರ್ಪಡಿಸುವುದು, ಕೊಳವೆಬಾವಿ ಕೊರೆಸುವುದು, ಮತ್ತು ಮನೆಮನೆಗೆ ಸೋಸುವ ಬಟ್ಟೆ ಹಂಚುವುದು. ಕೊನೆಯ ರೋಗಿ ಕಾಣಿಸಿಕೊಂಡದ್ದು 1996ರ ಜುಲೈಯಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. 2000ದ ಫೆಬ್ರುವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ಈ ರೋಗದಿಂದ ಮುಕ್ತವೆಂದು ಪ್ರಮಾಣೀಕರಿಸಿತು. ಸಿಡುಬಿನ ನಂತರ ದೇಶದಿಂದ ಮರೆಯಾದ ರೋಗ ಇದು. ಬಹುಮಟ್ಟಿಗೆ ಜನರ ನಡವಳಿಕೆ ಬದಲಾದದ್ದರಿಂದಲೇ ಮರೆಯಾಯಿತು. ಆಫ್ರಿಕಾದಲ್ಲಿ ಈಗಲೂ ಉಳಿದಿರುವ ಬೆರಳೆಣಿಕೆಯ ದೇಶಗಳಲ್ಲಿ ಇದೇ ಬಟ್ಟೆಯನ್ನು ಹಂಚುತ್ತಿದ್ದಾರೆ.

ಇಂತಹ ಹೋಲಿಕೆ ಸಿಕ್ಕಿದೊಡನೆ ‘ನಮ್ಮ ಪೂರ್ವಾಚಾರ್ಯರಿಗೆ ಸೂಕ್ಷ್ಮಜೀವಿಶಾಸ್ತ್ರ ತಿಳಿದಿತ್ತು’ ಎಂದು ಬರೆಯುವ ಉತ್ಸಾಹ ನಮ್ಮವರಲ್ಲಿ ಬಹಳ. ಕ್ಯಾಪ್ಟನ್ ಸ್ಕೋರ್ಸ್‌ಬಿ ಎಂಬಾತ ಒಂದು ಹನಿ ನೀರಿನಲ್ಲಿ 36,450 ಜೀವಿಗಳನ್ನು ಎಣಿಸಿದನೆಂಬ ಮಾತನ್ನು ಎಷ್ಟೋ ಜೈನ ಕಿರುಹೊತ್ತಗೆಗಳು ಪುನರುಚ್ಚರಿಸಿವೆ. ಆ ಸಂಖ್ಯೆ ನಿಜವಿದ್ದರೂ ಅದು ಆಗಮವನ್ನು ಸಮರ್ಥಿಸುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ಕಾಣುವವು ನೀರಿನಲ್ಲಿರುವ ಜೀವಿಗಳು. ಆಗಮ ಹೇಳುವ ಅಪ್ಕಾಯಿಕಗಳು ನೀರನ್ನೇ ಮೈಯಾಗಿ ಉಳ್ಳವು. ಎರಡನ್ನೂ ಒಂದು ಮಾಡಿದರೆ ವಿಜ್ಞಾನಕ್ಕೂ ಸಿದ್ಧಾಂತಕ್ಕೂ ಅಪಚಾರವಾಗುತ್ತದೆ. ಬಟ್ಟೆಗೆ ಮಿತಿಗಳೂ ಇವೆ. ವಿಷಮಶೀತಜ್ವರದ ರೋಗಾಣು, ಕಾಮಾಲೆಯ ವೈರಾಣು, ನೀರಿನಲ್ಲಿ ಕರಗಿದ ಫ್ಲೋರೈಡ್ ಇವುಗಳನ್ನು ಎಷ್ಟು ಮಡಿಕೆಯ ಬಟ್ಟೆಯೂ ತಡೆಯದು. ರೋಗಾಣುಗಳಿಗೆ ಕುದಿಸುವುದೇ ಮದ್ದು. ಫ್ಲೋರೈಡಿಗೆ ಅದೂ ಅಲ್ಲ. ಪೂರ್ವಜರು ರೋಗತಡೆಗಾಗಿಯೇ ಬಟ್ಟೆ ಹಿಡಿದರೆಂದು ನಾವು ಹೇಳಿಬಿಟ್ಟರೆ, ಕೊಳಾಯಿಯಲ್ಲಿ ಶುದ್ಧ ನೀರು ಬಂದ ದಿನ ಆ ವ್ರತದ ಅರ್ಥವೂ ಮುಗಿಯುತ್ತದೆ. ಆಶಾಧರನ ಮಾತಿಗೆ ಆ ಗತಿಯಿಲ್ಲ.

ರೋಗಭಯದಿಂದ ಹುಟ್ಟಿದ ಅಭ್ಯಾಸ ಎಷ್ಟು ದಿನ ಬಾಳುತ್ತದೆಂಬುದಕ್ಕೆ ಬಾಂಗ್ಲಾದೇಶದ ಮತ್ಲಬ್ ಪ್ರದೇಶದ ಅನುಭವವನ್ನು ನೋಡಬಹುದು. ಕಾಲರಾದ ರೋಗಾಣು ಸೈಕ್ಲಾಪ್ಸ್‌ನ ಬಳಗದ ಜಲಜಂತುಗಳಿಗೆ ಅಂಟಿಕೊಂಡು ಬದುಕುತ್ತದೆಂಬುದನ್ನು ಆಧಾರವಾಗಿಟ್ಟುಕೊಂಡು ರೀಟಾ ಕಾಲ್ವೆಲ್ ಮತ್ತು ಸಂಗಡಿಗರು ಅಲ್ಲಿನ 65 ಹಳ್ಳಿಗಳಲ್ಲಿ ಪ್ರಯೋಗ ನಡೆಸಿದರು. ಹಳೆಯ ಸೀರೆಯನ್ನು ನಾಲ್ಕು ಬಾರಿ ಮಡಿಸಿ ಕೊಡದ ಬಾಯಿಗೆ ಕಟ್ಟಿ ನೀರು ತುಂಬಲು ಹೆಂಗಸರಿಗೆ ಕಲಿಸಿದರು. ಒಗೆದು ಒಗೆದು ಎಳೆಗಳು ಬಿಚ್ಚಿಕೊಂಡ ಹಳೆಯ ಸೀರೆಯ ರಂಧ್ರಗಳು ಹೊಸದಕ್ಕಿಂತ ಕಿರಿದಾಗಿರುತ್ತವೆಂಬುದು ಅವರ ಪರೀಕ್ಷೆಯಲ್ಲಿ ಕಂಡದ್ದು. ನಮ್ಮ ಪರಂಪರೆ ರಂಧ್ರವಿಲ್ಲದ ಗಟ್ಟಿ ಬಟ್ಟೆ ಕೇಳಿತು, ಪ್ರಯೋಗಾಲಯ ಹಳೆಯ ಸೀರೆ ಕೇಳಿತು. ಎರಡರ ಕಣ್ಣೂ ರಂಧ್ರದ ಮೇಲೆಯೇ. 2003ರಲ್ಲಿ ಪ್ರಕಟವಾದ ಫಲಿತಾಂಶದಂತೆ ಕಾಲರಾ 48 ಶೇಕಡಾ ಇಳಿದಿತ್ತು. ಐದು ವರ್ಷಗಳ ಬಳಿಕ ಮರಳಿ ಹೋಗಿ ಕೇಳಿದಾಗ ನೀರು ಸೋಸುವುದನ್ನು ಮುಂದುವರಿಸಿದ್ದವರು 31 ಶೇಕಡಾ. ಪ್ರೋತ್ಸಾಹಿಸುವವರು ಹೊರಟುಹೋದ ಮೇಲೆಯೂ ಇಷ್ಟು ಉಳಿದದ್ದು ಸಣ್ಣ ಮಾತಲ್ಲವೆಂದು ಸಂಶೋಧಕರು ಎಣಿಸಿದರೆ ಅದು ನ್ಯಾಯವೇ. ಆದರೂ ಏಳು ಶತಮಾನಗಳಿಗೂ ಮಿಕ್ಕಿ ಮನೆಯಿಂದ ಮನೆಗೆ, ಅತ್ತೆಯಿಂದ ಸೊಸೆಗೆ ದಾಟಿಬಂದ ಬಟ್ಟೆಯ ತುಂಡನ್ನು ಈ ಸಂಖ್ಯೆಯ ಪಕ್ಕದಲ್ಲಿಟ್ಟು ನೋಡಬೇಕು. ರೋಗ ತಗ್ಗಿದಂತೆ ಭಯ ತಗ್ಗುತ್ತದೆ, ಭಯದ ಜೊತೆಗೆ ಅಭ್ಯಾಸವೂ. ವ್ರತಕ್ಕೆ ಆ ತೊಡಕಿಲ್ಲ. ಊರಿನಲ್ಲಿ ಒಬ್ಬ ರೋಗಿಯೂ ಇಲ್ಲದಿದ್ದರೂ ನೀರಿನಲ್ಲಿ ಜೀವಿಗಳು ಇದ್ದೇ ಇರುತ್ತವೆ.

ಇನ್ನು ಆಶಾಧರನ ಮೂರನೆಯ ದೋಷ. ಬಟ್ಟೆಯಲ್ಲಿ ಉಳಿದುದನ್ನು ಅದೇ ಬಾವಿಗೆ ಮರಳಿಸಿದರೆ ಹುಳುವಿನ ಮರಿಯನ್ನು ಹೊತ್ತ ಸೈಕ್ಲಾಪ್ಸ್ ಕೂಡ ಜೀವಂತವಾಗಿ ಬಾವಿಗೆ ಮರಳುತ್ತದೆ. ಸೋಸಿದ ಮನೆಗೆ ಕೇಡಿಲ್ಲ. ಆದರೆ ಅದೇ ಬಾವಿಯಿಂದ ಸೋಸದೆ ಕುಡಿಯುವ ನೆರೆಮನೆಗೆ ಅಪಾಯ ಮೊದಲಿದ್ದಂತೆಯೇ ಉಳಿಯುತ್ತದೆ. ಅಂದರೆ ಈ ವ್ರತದಿಂದ ರೋಗ ಒಂದು ಸಮುದಾಯದ ಹೊಸ್ತಿಲಲ್ಲಿ ನಿಂತೀತೇ ಹೊರತು ಊರಿನಿಂದ ಹೋಗಲಾರದು. ಹೋಗಬೇಕಾದರೆ ಊರಿನ ಪ್ರತಿ ಕೊಡದ ಬಾಯಿಗೂ ಬಟ್ಟೆ ಬೇಕು. ಸರಕಾರದ ಕಾರ್ಯಕ್ರಮ ಅಷ್ಟನ್ನೇ ನೆಚ್ಚಿ ಕೂರಲಿಲ್ಲ. ಟೆಮೆಫಾಸ್ ಎಂಬ ರಾಸಾಯನಿಕವನ್ನು ಲೀಟರಿಗೆ ಒಂದು ಮಿಲಿಗ್ರಾಮಿನಂತೆ ಬಾವಿ ಕೊಳಗಳಿಗೆ ಬೆರೆಸಿ, ಕುಡಿಯುವವರಿಗೆ ಹಾನಿಯಿಲ್ಲದಂತೆ, ಸೈಕ್ಲಾಪ್ಸ್‌ಗಳನ್ನು ನೀರಿನಲ್ಲಿಯೇ ಕೊಂದಿತು. ರೋಗಮುಕ್ತಿಯಲ್ಲಿ ಆ ರಾಸಾಯನಿಕದ ಪಾಲನ್ನು ಅಲ್ಲಗಳೆಯುವಂತಿಲ್ಲ. ಉರಿಯುವ ಕಾಲನ್ನು ಹಿಡಿದು ನರಳಿದವರ ಮುಂದೆ ನಿಂತು ಅದು ಬೇಡವಾಗಿತ್ತು ಎನ್ನುವ ಧೈರ್ಯ ನನಗಂತೂ ಇಲ್ಲ. ಆದರೆ ‘ಸಾಗಾರಧರ್ಮಾಮೃತ’ವನ್ನು ಓದುವಾಗ ಈ ವ್ಯತ್ಯಾಸವನ್ನು ಮರೆಯಬಾರದು. ಬಟ್ಟೆ ಒಂದೇ, ಮಡಿಕೆ ಒಂದೇ, ಕೆಳಗೆ ಕೊಡಕ್ಕೆ ಇಳಿಯುವ ನೀರೂ ಒಂದೇ. 20ನೆಯ ಶತಮಾನದ ಆರೋಗ್ಯ ಕಾರ್ಯಕರ್ತನು ನೋಡುತ್ತಿದ್ದುದು ಕೊಡದೊಳಗಿನ ನೀರನ್ನು. ಆಶಾಧರನು ಬಟ್ಟೆಯ ಮೇಲೆ ಉಳಿದುದನ್ನು ನೋಡುತ್ತಿದ್ದಾನೆ, ಅದನ್ನು ಕೊಂಡಿಯ ಕೊಡದಲ್ಲಿ ಇಳಿಬಿಟ್ಟು ನೀರಿನ ಮಟ್ಟದಲ್ಲಿ ಮಗುಚುವ ತನಕ.